ಮಲ್ಪೆಯಿಂದ ಕಾರವಾರಕ್ಕೆ 60 ಎಚ್‌ಪಿ ದೋಣಿ: ಯಾವ ಪ್ರೊಪೆಲ್ಲರ್ ಹಾಕಲಿ?

ಪ್ರಶ್ನೆ: ನಾನು ಉಡುಪಿಯವನು. 22 ಅಡಿಯ ತೆರೆದ ಫೈಬರ್ ದೋಣಿ ಇದೆ, ಅದಕ್ಕೆ 60 ಎಚ್‌ಪಿಯ ಫೋರ್‌ಸ್ಟ್ರೋಕ್ ಔಟ್‌ಬೋರ್ಡ್ ಎಂಜಿನ್. ಎಂಜಿನ್ ಪುಸ್ತಕದ ಪ್ರಕಾರ ಗೇರ್ ಅನುಪಾತ 1.85, ಪೂರ್ತಿ ಥ್ರಾಟಲ್‌ನಲ್ಲಿ 5000ರಿಂದ 6000 ಆರ್‌ಪಿಎಂ ಬರಬೇಕು. ಈಗ ಇರುವುದು 11⅛ × 13 ಅಳತೆಯ, ಮೂರು ರೆಕ್ಕೆಯ ಅಲ್ಯೂಮಿನಿಯಂ ಪ್ರೊಪೆಲ್ಲರ್. ಇಬ್ಬರೇ ಕೂತು ಓಡಿಸಿದರೆ 5700 ಆರ್‌ಪಿಎಂ, ಜಿಪಿಎಸ್‌ನಲ್ಲಿ 26 ನಾಟ್ ತೋರಿಸುತ್ತದೆ. ಜನವರಿಯಲ್ಲಿ ಐದು ಜನ ಸೇರಿ, ದಾರಿಯಲ್ಲಿ ಅಲ್ಲಲ್ಲಿ ತಂಗುತ್ತಾ ಮಲ್ಪೆಯಿಂದ ಕಾರವಾರಕ್ಕೆ ಹೋಗಿ ಬರಬೇಕೆಂದಿದ್ದೇವೆ. "15 ಪಿಚ್‌ನ ಸ್ಟೀಲ್ ಫ್ಯಾನ್ ಹಾಕಿ, ಸ್ಪೀಡೂ ಬರ್ತದೆ, ಪೆಟ್ರೋಲೂ ಉಳೀತದೆ" ಎನ್ನುತ್ತಾರೆ ಮೆಕ್ಯಾನಿಕ್. ನಾಲ್ಕು ರೆಕ್ಕೆಯದೇ ಒಳ್ಳೆಯದು ಎನ್ನುವವರೂ ಇದ್ದಾರೆ. ಯಾರ ಮಾತು ಕೇಳಲಿ? ಸ್ಪೇರ್ ಒಯ್ಯಬೇಕೆ? ನಮ್ಮ ಭಾವನ 75 ಎಚ್‌ಪಿ ಎಂಜಿನ್ನಿನ ಹಳೆಯ ಪ್ರೊಪೆಲ್ಲರ್ ಮನೆಯಲ್ಲೇ ಬಿದ್ದಿದೆ, ಅದು ಆದೀತೆ?

ಉತ್ತರ: 15 ಪಿಚ್ ಬೇಡ. ಈ ಪ್ರಯಾಣಕ್ಕೆ 12 ಪಿಚ್‌ನ ಅಲ್ಯೂಮಿನಿಯಂ ಪ್ರೊಪೆಲ್ಲರ್ ಒಂದನ್ನು ಕೊಳ್ಳಿ. ನಿಮ್ಮ ಎಂಜಿನ್ ವರ್ಗದಲ್ಲಿ ಅದು ಸಾಮಾನ್ಯವಾಗಿ 11⅜ × 12 ಅಳತೆಯಲ್ಲಿ ಸಿಗುತ್ತದೆ. ಈಗಿರುವ 13 ಪಿಚ್‌ನದು ಸ್ಪೇರ್ ಆಗಿ ದೋಣಿಯಲ್ಲೇ ಇರಲಿ. ಈ ತೀರ್ಮಾನಕ್ಕೆ ಬೇಕಾದ ಅಂಕಿಗಳೆಲ್ಲ ನಿಮ್ಮ ಪತ್ರದಲ್ಲೇ ಇವೆ, ಒಂದನ್ನು ಬಿಟ್ಟು: ಐದು ಜನ, ಪೆಟ್ರೋಲು, ನೀರು, ಲಂಗರು, ಚೀಲಗಳೆಲ್ಲ ಏರಿದ ಮೇಲೆ ಆರ್‌ಪಿಎಂ ಎಷ್ಟು? ಹೊರಡುವ ದಿನ ದೋಣಿ ಹೊರುವ ಭಾರಕ್ಕೆ ಪ್ರೊಪೆಲ್ಲರ್ ಆರಿಸಬೇಕೇ ಹೊರತು ಭಾನುವಾರ ಸಂಜೆ ಇಬ್ಬರು ಕೂತು ಸುತ್ತಾಡುವ ಭಾರಕ್ಕಲ್ಲ.

ಮೊದಲು ಈಗಿನ ಪ್ರೊಪೆಲ್ಲರ್ ಏನು ಹೇಳುತ್ತಿದೆ ನೋಡೋಣ. 11⅛ ಎಂದರೆ ರೆಕ್ಕೆಗಳು ತಿರುಗುವಾಗ ಬರೆಯುವ ವೃತ್ತದ ವ್ಯಾಸ, ಇಂಚಿನಲ್ಲಿ. 13 ಎಂದರೆ ಪಿಚ್. ನೀರು ಮರದಂತೆ ಗಟ್ಟಿಯಾಗಿದ್ದು ಪ್ರೊಪೆಲ್ಲರ್ ಅದರಲ್ಲಿ ಸ್ಕ್ರೂವಿನ ಹಾಗೆ ಕೊರೆಯುತ್ತಾ ಹೋದರೆ, ಒಂದು ಸುತ್ತಿಗೆ 13 ಇಂಚು ಮುಂದೆ ಹೋಗಬೇಕು. ಎಂಜಿನ್ 1.85 ಸುತ್ತು ತಿರುಗಿದಾಗ ಪ್ರೊಪೆಲ್ಲರ್ ಒಂದು ಸುತ್ತು ತಿರುಗುತ್ತದೆ. ಆದ್ದರಿಂದ ಆರ್‌ಪಿಎಂ ಅನ್ನು ಪಿಚ್‌ನಿಂದ ಗುಣಿಸಿ, ಗೇರ್ ಅನುಪಾತದಿಂದ ಭಾಗಿಸಿ, ಮತ್ತೆ 1215ರಿಂದ ಭಾಗಿಸಿದರೆ ಸಿದ್ಧಾಂತದ ವೇಗ ನಾಟ್‌ಗಳಲ್ಲಿ ಸಿಗುತ್ತದೆ. 1215 ಎಲ್ಲಿಂದ ಬಂತೆಂದರೆ, ಒಂದು ನಾಟಿಕಲ್ ಮೈಲಿಯಲ್ಲಿರುವ ಸುಮಾರು 72,913 ಇಂಚನ್ನು 60 ನಿಮಿಷದಿಂದ ಭಾಗಿಸಿದ್ದು, ಅಷ್ಟೇ. ನಿಮ್ಮ ಲೆಕ್ಕ: 5700 × 13 = 74,100. ಅದನ್ನು 1.85ರಿಂದಲೂ 1215ರಿಂದಲೂ ಭಾಗಿಸಿದರೆ ಹತ್ತಿರ ಹತ್ತಿರ 33 ನಾಟ್. ಜಿಪಿಎಸ್ ತೋರಿಸಿದ್ದು 26. ನಡುವಿನ ಏಳು ನಾಟ್, ಅಂದರೆ ಶೇ. 21, ಸ್ಲಿಪ್.

ಸ್ಲಿಪ್ ಅಂದ ಕೂಡಲೇ ಸೋರಿಕೆ, ನಷ್ಟ ಎಂದು ಗಾಬರಿಯಾಗುವವರಿದ್ದಾರೆ. ರೆಕ್ಕೆ ನೀರನ್ನು ಹಿಂದಕ್ಕೆ ತಳ್ಳಿದರೆ ತಾನೇ ದೋಣಿ ಮುಂದೆ ಹೋಗುವುದು? ಹಾಗೆ ತಳ್ಳಬೇಕಾದರೆ ಸ್ವಲ್ಪ ಸ್ಲಿಪ್ ಇರಲೇಬೇಕು. ಹಗುರ ದೋಣಿಗೆ ಶೇ. 10ರಿಂದ 20, ನಿಮ್ಮಂಥ ತೆರೆದ ಕೆಲಸದ ದೋಣಿಗೆ ಇನ್ನೂ ಸ್ವಲ್ಪ ಹೆಚ್ಚು, 21 ಆರೋಗ್ಯಕರ. ಲೆಕ್ಕದಲ್ಲಿ ಶೇ. 5ಕ್ಕಿಂತ ಕಡಿಮೆ ಬಂದರೆ ಟ್ಯಾಕೋಮೀಟರ್ ಸುಳ್ಳು ಹೇಳುತ್ತಿರಬೇಕು, ಇಲ್ಲವೇ ಯಾರೋ ರೆಕ್ಕೆ ಬಡಿದು ಪಿಚ್ ಬದಲಾಗಿರಬೇಕು. ಓಡುವ ದೋಣಿಯಲ್ಲಿ ಶೇ. 35 ದಾಟಿದರೆ ತಳದಲ್ಲಿ ಪಾಚಿ, ಚಿಪ್ಪು ಕಟ್ಟಿದೆಯೇ, ಎಂಜಿನ್ ತೀರಾ ಎತ್ತರದಲ್ಲಿ ಕೂತಿದೆಯೇ, ಒಳಗಿನ ರಬ್ಬರ್ ಜಾರುತ್ತಿದೆಯೇ ನೋಡಬೇಕು. ನಿಮ್ಮಲ್ಲಿ ಅದಾವುದೂ ಕಾಣುವುದಿಲ್ಲ. ಇಬ್ಬರಿಗೆ 13 ಪಿಚ್ ಸರಿಯಾಗಿಯೇ ಇದೆ.

ಈಗ ಭಾರ ಏರಿಸೋಣ. ಇನ್ನೂ ಮೂರು ಜನ ಎಂದರೆ 210 ಕೆ.ಜಿ. ಅಂದುಕೊಳ್ಳಿ. 150 ಲೀಟರ್ ಪೆಟ್ರೋಲಿಗೆ 110 ಕೆ.ಜಿ. ಚಿಲ್ಲರೆ. ಕುಡಿಯುವ ನೀರು, ಲಂಗರು, ಹಗ್ಗ, ಐಸ್ ಡಬ್ಬ, ಬಟ್ಟೆ, ಉಪಕರಣ ಸೇರಿ ನೂರಕ್ಕೆ ಕಡಿಮೆ ಇಲ್ಲ. ಪರೀಕ್ಷೆ ಮಾಡಿದ ದಿನಕ್ಕಿಂತ ಸುಮಾರು 400 ಕೆ.ಜಿ. ಹೆಚ್ಚಾಯಿತು. ಈ ಗಾತ್ರದ ದೋಣಿಗೆ ಅದು ತನ್ನ ತೂಕದ ಅರ್ಧದಷ್ಟಾದರೂ ಹೊಸ ಹೊರೆ. 5700 ಇದ್ದದ್ದು 5200ರ ಆಸುಪಾಸಿಗೆ ಇಳಿದರೆ ಆಶ್ಚರ್ಯವಿಲ್ಲ. ಪುಸ್ತಕದ 5000 ಗೆರೆಯ ಮೇಲೆಯೇ ಇದೆಯಲ್ಲ ಅನ್ನಬಹುದು. ಆದರೆ ಅದು ಶಾಂತ ನೀರಿನಲ್ಲಿ, ಗಾಳಿಯಿಲ್ಲದ ಬೆಳಿಗ್ಗೆ. ಎದುರು ತೆರೆ ಬಂದಾಗ, ತಳಕ್ಕೆ ನಾಲ್ಕು ದಿನದ ಲೋಳೆ ಅಂಟಿದಾಗ, ರೆಕ್ಕೆಯ ಅಂಚಿಗೊಂದು ಏಟು ಬಿದ್ದಾಗ 5000ದ ಕೆಳಗಿಳಿಯುತ್ತದೆ.

ಒಂದೇ ಮಾದರಿಯ ಪ್ರೊಪೆಲ್ಲರ್‌ಗಳಲ್ಲಿ ಪಿಚ್ ಒಂದಿಂಚು ಕಡಿಮೆಯಾದರೆ ಪೂರ್ತಿ ಥ್ರಾಟಲ್‌ನ ಆರ್‌ಪಿಎಂ 150ರಿಂದ 200 ಏರುತ್ತದೆ, ಹೆಚ್ಚಾದರೆ ಅಷ್ಟೇ ಇಳಿಯುತ್ತದೆ. 12 ಹಾಕಿದರೆ ತುಂಬಿದ ದೋಣಿಗೆ 5400 ಸಿಗುತ್ತದೆ, ವ್ಯಾಪ್ತಿಯ ಮಧ್ಯದ ಹತ್ತಿರ. ಊರಿಗೆ ಮರಳಿ ಇಬ್ಬರೇ ಕೂತಾಗಲೂ 5900 ದಾಟದು. 11ಕ್ಕೆ ಇಳಿದರೆ ತುಂಬಿದಾಗ ಚೆನ್ನ, ಖಾಲಿಯಾದಾಗ 6000 ಮೀರುತ್ತದೆ. 15 ಹಾಕಿದರೆ? ತುಂಬಿದ ದೋಣಿಯಲ್ಲಿ 4800ರ ಸುತ್ತ ನರಳುತ್ತದೆ.

ಹೊರೆ ತುಂಬಿದ ಲಾರಿಯನ್ನು ಶಿರಾಡಿ ಘಾಟಿಯಲ್ಲಿ ಟಾಪ್ ಗೇರ್‌ನಲ್ಲೇ ಹತ್ತಿಸಲು ಹೊರಟ ಹಾಗೆ ಅದು. ಎಂಜಿನ್ ತಿರುಗಲಾರದೆ ಮುಕ್ಕುತ್ತದೆ, ನೀವು ಇನ್ನಷ್ಟು ಥ್ರಾಟಲ್ ಕೊಡುತ್ತೀರಿ, ಪೆಟ್ರೋಲು ಸುರಿಯುತ್ತದೆ, ಸಿಲಿಂಡರ್ ಕಾಯುತ್ತದೆ, ಕಾರ್ಬನ್ ಕಟ್ಟುತ್ತದೆ. 60 ಎಚ್‌ಪಿ ಅನ್ನುವುದು ಎಂಜಿನ್ 5000-6000ದಲ್ಲಿ ತಿರುಗಿದಾಗ ಕೊಡುವ ಶಕ್ತಿ. 4800ರಲ್ಲಿ ಸಿಕ್ಕಿಕೊಂಡಿತೆಂದರೆ ನೀವು ಕಾಸು ಕೊಟ್ಟು ಕೊಂಡ ಶಕ್ತಿಯ ಒಂದು ಪಾಲು ನಿಮ್ಮ ಕೈಗೇ ಬರುವುದಿಲ್ಲ. ಇದರಿಂದ ಎಂಜಿನ್ ಅಂದೇ ನಿಲ್ಲುವುದಿಲ್ಲ. ಅದಕ್ಕೇ ಇದು ಕೆಟ್ಟ ಪ್ರೊಪೆಲ್ಲರ್ ಅಂತ ಬಹಳ ಜನಕ್ಕೆ ತಿಳಿಯುವುದೇ ಇಲ್ಲ.

ಮೆಕ್ಯಾನಿಕ್ ಮಾತಿನಲ್ಲೂ ಹುರುಳಿಲ್ಲವೆಂದಲ್ಲ. ಹಗುರ ದೋಣಿ, ಸಪಾಟು ನೀರು, ಒಬ್ಬಿಬ್ಬರು ಜನ ಇದ್ದಾಗ ಪಿಚ್ ಒಂದಿಂಚು ಹೆಚ್ಚಿದ್ದರೆ ಎಂಜಿನ್ ನಿಧಾನ ತಿರುಗುತ್ತಲೇ ಅದೇ ವೇಗ ಸಿಗುತ್ತದೆ, ಇಂಧನವೂ ತುಸು ಉಳಿಯುತ್ತದೆ. ಹಿನ್ನೀರಿನಲ್ಲಿ ಸ್ಪೀಡ್‌ಬೋಟ್ ಓಡಿಸುವವರಿಗೆ ಹೇಳಿದ್ದನ್ನೇ ಅವರು ನಿಮಗೂ ಹೇಳಿರಬೇಕು. ಇನ್ನೊಂದು ತುದಿಯಲ್ಲಿ ನಾಡದೋಣಿ ನಡೆಸುವ ತಾಂಡೇಲರನ್ನು ಕೇಳಿ ನೋಡಿ: ಬಲೆ, ಮೀನು, ಜನ ಹೊತ್ತು ಆಳವಾಗಿ ಮುಳುಗಿ ಸಾಗುವ ದೋಣಿಗೆ ಕಡಿಮೆ ಪಿಚ್, ದೊಡ್ಡ ವ್ಯಾಸ ಬೇಕೆಂದು ಅವರು ಲೆಕ್ಕವಿಲ್ಲದೆಯೇ ಹೇಳುತ್ತಾರೆ. ನಿಮ್ಮ ದೋಣಿ ಆ ನಾಲ್ಕು ದಿನ ಸ್ಪೀಡ್‌ಬೋಟಿಗಿಂತ ನಾಡದೋಣಿಗೇ ಹತ್ತಿರ.

ಇನ್ನು ಕಡಲು. ಮಲ್ಪೆಯಿಂದ ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರ ಎಂದು ಮೆಟ್ಟಿಲು ಹತ್ತಿದಂತೆ ಹೋದರೆ ಒಂದೊಂದು ಹಂತ 15ರಿಂದ 22 ನಾಟಿಕಲ್ ಮೈಲಿ, ಒಟ್ಟು 96ರಷ್ಟು. ಜನವರಿಯಲ್ಲಿ ನಮ್ಮ ಕರಾವಳಿಯಲ್ಲಿ ನಸುಕಿಗೆ ನೆಲದ ಕಡೆಯಿಂದ ಗಾಳಿ, ಕಡಲು ಶಾಂತ. ಮಧ್ಯಾಹ್ನದ ಹೊತ್ತಿಗೆ ವಾಯವ್ಯದ ಗಾಳಿ ಏಳುತ್ತದೆ. ನೀವು ಹೋಗುತ್ತಿರುವುದೂ ವಾಯವ್ಯಕ್ಕೇ, ಅಂದರೆ ತೆರೆ ನೇರ ಮೂತಿಗೆ. ಬೆಳಗಿನ 20 ನಾಟ್ ಮಧ್ಯಾಹ್ನ 12ಕ್ಕೆ ಇಳಿಯುತ್ತದೆ, ಇಳಿಸಲೇಬೇಕು, ಇಲ್ಲದಿದ್ದರೆ ಬೆನ್ನುಮೂಳೆ ಕೇಳುವುದಿಲ್ಲ.

ಈ 12 ನಾಟ್ ಎಂಬುದೇ ನಿಮ್ಮ ಪ್ರಯಾಣದ ನಿಜವಾದ ಪರೀಕ್ಷೆ. ಇಂಥ ದೋಣಿ ಆರು-ಏಳು ನಾಟ್‌ವರೆಗೆ ನೀರನ್ನು ಸೀಳಿಕೊಂಡು ಸಾಗುತ್ತದೆ. ಆಮೇಲೆ ಮೂತಿ ಎತ್ತಿ, ಹಿಂಭಾಗ ಕುಸಿದು, ತಾನೇ ಎಬ್ಬಿಸಿದ ಅಲೆಯ ಗುಡ್ಡ ಹತ್ತಲು ಹೆಣಗುತ್ತದೆ. ಆ ಗುಡ್ಡ ದಾಟಿದರೆ ನೀರಿನ ಮೇಲೆ ಜಾರತೊಡಗುತ್ತದೆ. ಪ್ಲೇನಿಂಗ್ ಎನ್ನುವುದು ಇದಕ್ಕೆ. ಗುಡ್ಡ ಹತ್ತುವ ಹಂತದಲ್ಲಿ ಪ್ರತಿ ಮೈಲಿಗೆ ಸುಡುವ ಪೆಟ್ರೋಲು ಅತಿ ಹೆಚ್ಚು, ಮೂತಿ ಎದ್ದಿರುವುದರಿಂದ ಮುಂದೇನಿದೆ ಎಂಬುದೂ ಕಾಣದು. ಹೆಚ್ಚು ಪಿಚ್‌ನ ಪ್ರೊಪೆಲ್ಲರ್ 12 ನಾಟ್‌ನಲ್ಲಿ ದೋಣಿಯನ್ನು ಮೇಲೆ ಹಿಡಿದಿಡಲಾರದೆ ಮತ್ತೆ ಮತ್ತೆ ಗುಡ್ಡದ ಹಿಂದಕ್ಕೆ ಬೀಳಿಸುತ್ತದೆ. ನೀವು ಥ್ರಾಟಲ್ ಹೆಚ್ಚಿಸುತ್ತೀರಿ, ದೋಣಿ ತೆರೆಯ ಮೇಲಿಂದ ಹಾರಿ ಅಪ್ಪಳಿಸುತ್ತದೆ, ಇಳಿಸುತ್ತೀರಿ, ಮತ್ತೆ ಕುಸಿಯುತ್ತದೆ. ಇಡೀ ಮಧ್ಯಾಹ್ನ ಇದೇ ಪಾಡು. ಕಡಿಮೆ ಪಿಚ್, ತುಸು ದೊಡ್ಡ ವ್ಯಾಸದ ಪ್ರೊಪೆಲ್ಲರ್ ಕಡಿಮೆ ವೇಗದಲ್ಲೂ ದೋಣಿಯನ್ನು ಮೇಲೆ ನಿಲ್ಲಿಸುತ್ತದೆ. ಗರಿಷ್ಠ ವೇಗ ಒಂದೆರಡು ನಾಟ್ ಹೋದರೆ ಹೋಗಲಿ. ಕಡಲಿನಲ್ಲಿ ಆ ವೇಗ ಉಪಯೋಗಿಸುವ ಅವಕಾಶ ಸಿಗುವುದೇ ಅಪರೂಪ.

ಅಳಿವೆಗಳಲ್ಲೂ ಇದೇ ಮಾತು. ಗಂಗೊಳ್ಳಿ, ಹೊನ್ನಾವರದ ಶರಾವತಿ, ತದಡಿಯ ಅಘನಾಶಿನಿ, ಎಲ್ಲ ಕಡೆ ಬಾಗಿಲಿನಲ್ಲಿ ಮರಳದಿಬ್ಬವಿದೆ, ಅದರ ಮೇಲೆ ತೆರೆ ಒಡೆಯುತ್ತದೆ. ಒಳಗೆ ಬರುವಾಗ ಒಂದು ತೆರೆಯ ಬೆನ್ನ ಮೇಲೆ ಕೂತು, ಅದನ್ನು ಹಿಂದೆ ಹಾಕದೆ, ಹಿಂದಿನದಕ್ಕೆ ಸಿಗದೆ ಸಾಗಬೇಕು. ಥ್ರಾಟಲ್ ಮುಟ್ಟಿದ ಕ್ಷಣ ದೋಣಿ ಮುನ್ನುಗ್ಗಬೇಕು. 12 ಪಿಚ್ ಹಾಗೆ ಮಾಡುತ್ತದೆ, 15 ಒಂದು ಉಸಿರೆಳೆದುಕೊಂಡು ಹೊರಡುತ್ತದೆ. ಅಳಿವೆಯ ದಾರಿ ವರ್ಷ ವರ್ಷ ಬದಲಾಗುವುದರಿಂದ ಭರತದ ಹೊತ್ತಿಗೆ, ಸ್ಥಳೀಯ ದೋಣಿಯೊಂದರ ಹಿಂದೆ ಒಳಗೆ ಹೋಗಿ. ಇದು ಪ್ರೊಪೆಲ್ಲರ್ ಸಲಹೆಯೂ ಹೌದು: ಇಳಿತದಲ್ಲಿ ಮರಳು ಕೆತ್ತಿದ ರೆಕ್ಕೆಯ ಅಂಚು ಒಂದೇ ದಿನದಲ್ಲಿ ಮೊಂಡಾಗುತ್ತದೆ.

ತೆರೆಯ ತಲೆಯ ಮೇಲೆ ಎಂಜಿನ್ ಇದ್ದಕ್ಕಿದ್ದಂತೆ ಕಿರುಚಿ, ದೋಣಿ ಮುಂದೆ ಹೋಗದೆ ನಿಲ್ಲುವುದುಂಟು. ನಮ್ಮಲ್ಲಿ ಎಲ್ಲರೂ ಅದನ್ನು ಕ್ಯಾವಿಟೇಶನ್ ಎನ್ನುತ್ತಾರೆ. ಹೆಚ್ಚಿನ ಸಲ ಅದು ವೆಂಟಿಲೇಶನ್. ಮೇಲಿನ ಗಾಳಿ ರೆಕ್ಕೆಯ ತನಕ ಇಳಿದು, ರೆಕ್ಕೆ ನೀರಿನ ಬದಲು ನೊರೆಯನ್ನು ತಿರುವುತ್ತದೆ. ನಿಜವಾದ ಕ್ಯಾವಿಟೇಶನ್‌ಗೆ ಗಾಳಿಯೇ ಬೇಡ: ರೆಕ್ಕೆಯ ಬೆನ್ನ ಮೇಲೆ ಒತ್ತಡ ಎಷ್ಟು ಕುಸಿಯುತ್ತದೆಂದರೆ ತಣ್ಣೀರೇ ಕುದಿದು ಆವಿಯ ಗುಳ್ಳೆಯಾಗುತ್ತದೆ, ಆ ಗುಳ್ಳೆ ಒಡೆಯುವಾಗ ಲೋಹವನ್ನೇ ಕಿತ್ತು ಕುಳಿ ಮಾಡುತ್ತದೆ. ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ಟರ್ಬೀನಿಯಾ ಎಂಬ ಉಗಿ ಟರ್ಬೈನ್ ಹಡಗು ಕಟ್ಟಿದಾಗ ಇದೇ ಕಾಟ. ಶಕ್ತಿ ಧಾರಾಳವಿದ್ದರೂ ಒಂದೇ ಪ್ರೊಪೆಲ್ಲರ್ ನೀರಿನಲ್ಲಿ ಗುಳ್ಳೆಯ ಗೂಡು ಕೊರೆದು ವ್ಯರ್ಥ ತಿರುಗುತ್ತಿತ್ತು. ಕೊನೆಗೆ ಮೂರು ದಂಡಕ್ಕೆ ಮೂರು ಮೂರರಂತೆ ಒಂಬತ್ತು ಪ್ರೊಪೆಲ್ಲರ್ ಹಾಕಿ ಶಕ್ತಿಯನ್ನು ಹಂಚಿದ ಮೇಲೆ, 1897ರಲ್ಲಿ ಸ್ಪಿಟ್‌ಹೆಡ್‌ನ ನೌಕಾ ಪರಿವೀಕ್ಷಣೆಯಲ್ಲಿ ಅದು ಬ್ರಿಟಿಷ್ ನೌಕಾಪಡೆಯ ದೋಣಿಗಳನ್ನೆಲ್ಲ ಹಿಂದೆ ಹಾಕಿ 30 ನಾಟ್ ಮೀರಿ ಓಡಿತು. ನಿಮ್ಮ ರೆಕ್ಕೆಯ ಬೆನ್ನ ಮೇಲೆ ಸುಟ್ಟಂಥ ಕುಳಿಗಳು ಕಂಡರೆ ಕ್ಯಾವಿಟೇಶನ್ ಎಂದು ತಿಳಿಯಿರಿ. ಹೆಚ್ಚಾಗಿ ಮುಂದಿನ ಅಂಚಿಗೆ ಬಿದ್ದ ಏಟಿನ ಹಿಂದೆಯೇ ಅವು ಹುಟ್ಟುತ್ತವೆ.

ವೆಂಟಿಲೇಶನ್‌ಗೆ ಮೊದಲ ಮದ್ದು ಹೊಸ ಪ್ರೊಪೆಲ್ಲರ್ ಅಲ್ಲ, ಎಂಜಿನ್ನಿನ ಎತ್ತರ. ಪ್ರೊಪೆಲ್ಲರ್ ಮೇಲಿರುವ ಅಗಲ ತಟ್ಟೆ ದೋಣಿಯ ತಳದ ಗೆರೆಗೆ ಸಮನಾಗಿ, ಹೆಚ್ಚೆಂದರೆ ಒಂದಿಂಚು ಮೇಲಿರಲಿ. ಎದುರು ತೆರೆಯಲ್ಲಿ ಟ್ರಿಮ್, ಅಂದರೆ ಎಂಜಿನ್ನಿನ ಓರೆ, ಒಳಕ್ಕೆ ಎಳೆದು ಮೂತಿ ತಗ್ಗಿಸಿ. ಆಮೇಲೂ ಕಿರುಚಿದರೆ, ಹಿಂದಿನ ಅಂಚಿನಲ್ಲಿ ಸಣ್ಣ ಬಾಗು, ಅಂದರೆ ಕಪ್ಪಿಂಗ್ ಇರುವ ಪ್ರೊಪೆಲ್ಲರ್ ಹಿಡಿತ ಹೆಚ್ಚಿಸುತ್ತದೆ. ಅದು ಆರ್‌ಪಿಎಂ ತಿನ್ನುತ್ತದೆ ಎಂಬುದು ನೆನಪಿರಲಿ; ಕಪ್ ಇರುವ 12 ಪಿಚ್‌ನದು ಕಪ್ ಇಲ್ಲದ 13ರಂತೆ ವರ್ತಿಸೀತು.

ನಾಲ್ಕು ರೆಕ್ಕೆಯ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ನೀರಿನ ಹಿಡಿತ ಹೆಚ್ಚು, ಅದುರುವಿಕೆ ಕಡಿಮೆ, ದೋಣಿಯ ಹಿಂಭಾಗವನ್ನು ಎತ್ತಿ ಹಿಡಿಯುತ್ತದೆ, 12 ನಾಟ್‌ನಲ್ಲಿ ಮೇಲೆ ನಿಲ್ಲುವ ಕೆಲಸವನ್ನು ಮೂರು ರೆಕ್ಕೆಗಿಂತ ಚೆನ್ನಾಗಿ ಮಾಡುತ್ತದೆ. ಗರಿಷ್ಠ ವೇಗದಲ್ಲಿ ಒಂದೆರಡು ನಾಟ್ ಕಳೆಯುತ್ತದೆ, ಬೆಲೆಯೂ ಹೆಚ್ಚು. ಹಾಕುವುದಾದರೆ ಪಿಚ್ ಒಂದಿಂಚು ಇಳಿಸಿ, ಅಂದರೆ 11 ಕೊಳ್ಳಿ, ಇಲ್ಲದಿದ್ದರೆ ಆರ್‌ಪಿಎಂ ಮತ್ತೆ ಕುಸಿಯುತ್ತದೆ. ಪ್ರತಿ ವರ್ಷ ಇಂಥ ಪ್ರಯಾಣ ಮಾಡುವವರಾದರೆ ನಾನು ಅದನ್ನೇ ಹೇಳುತ್ತಿದ್ದೆ. ಒಂದು ಸಲಕ್ಕೆ ಮೂರು ರೆಕ್ಕೆಯ 12 ಸಾಕು, ಅದು ಬೇಗ ಸಿಗುತ್ತದೆ, ನಿಮ್ಮ ಸ್ಪೇರ್‌ಗೆ ಹೊಂದಿಯೂ ಇರುತ್ತದೆ.

ಸ್ಟೀಲ್ ವಿಚಾರ ಚಿಕ್ಕದು. ಸ್ಟೇನ್‌ಲೆಸ್ ಸ್ಟೀಲ್ ರೆಕ್ಕೆ ತೆಳ್ಳಗೆ, ಬಾಗುವುದಿಲ್ಲ, ಮರಳಿಗೆ ಸವೆಯುವುದೂ ನಿಧಾನ. 150 ಎಚ್‌ಪಿ ಎಂಜಿನ್ನಿನಲ್ಲಿ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ, 60ರಲ್ಲಿ ಅಷ್ಟಾಗಿ ಇಲ್ಲ. ನಿಮ್ಮ ದಾರಿಯಲ್ಲಿ ಸೇಂಟ್ ಮೇರಿಸ್ ದ್ವೀಪದಿಂದ ಹಿಡಿದು ಕಾರವಾರದ ಹೊರಗಿನ ದ್ವೀಪಗಳ ತನಕ ನೀರಿನಡಿಯ ಬಂಡೆಗಳಿಗೆ ಬರವಿಲ್ಲ. ಬಂಡೆಗೆ ಬಡಿದಾಗ ಅಲ್ಯೂಮಿನಿಯಂ ರೆಕ್ಕೆ ಮುರಿದು ತಾನು ಸತ್ತು ಗೇರನ್ನು ಉಳಿಸುತ್ತದೆ. ಸ್ಟೀಲ್ ಮುರಿಯದೆ ಏಟನ್ನು ಒಳಗೆ ದಾಟಿಸುತ್ತದೆ. ನಡುವೆ ರಬ್ಬರ್ ಬುಷ್ ಇದೆ, ಏಟಿಗೆ ಅದು ಜಾರಿ ಗೇರನ್ನು ಕಾಪಾಡಬೇಕು, ನಿಜ. ಆದರೂ ಪ್ರೊಪೆಲ್ಲರ್ ಬದಲಿಸುವುದು ಸುಲಭವೋ ಗೇರ್‌ಬಾಕ್ಸ್ ಬದಲಿಸುವುದೋ ಯೋಚಿಸಿ. ಆ ಬುಷ್ ಹಳತಾದರೆ ಏಟಿಲ್ಲದೆಯೂ ಜಾರುತ್ತದೆ: ಎಂಜಿನ್ ಏರುತ್ತದೆ, ದೋಣಿ ಏರುವುದಿಲ್ಲ, ಥ್ರಾಟಲ್ ತೀರಾ ಇಳಿಸಿದರೆ ಮತ್ತೆ ಹಿಡಿಯುತ್ತದೆ. ಹಾಗಾದಾಗ ನಿಧಾನಕ್ಕೆ ಹತ್ತಿರದ ಬಂದರು ಸೇರಬಹುದು. ನಿಮ್ಮ 13ರ ಬುಷ್ ಎಷ್ಟು ವರ್ಷದ್ದು ಎಂದು ನೋಡಿಸಿ. ಸ್ಪೇರ್ ಎಂದು ಒಯ್ದದ್ದೇ ಜಾರಿದರೆ ಪ್ರಯೋಜನವೇನು.

ಈ ಪ್ರಯಾಣದಲ್ಲಿ ಬಂಡೆಗಿಂತ ಹೆಚ್ಚು ಸಂಭವ ಇರುವುದು ಬಲೆ. ಮೀನುಗಾರಿಕೆ ನಿಷೇಧ ಜೂನ್, ಜುಲೈಯಲ್ಲಿ ಮಾತ್ರ. ಜನವರಿ ಎಂದರೆ ಕಡಲು ತುಂಬ ದೋಣಿ, ಬಲೆ, ತೇಲುಗುರುತು, ಹರಿದುಹೋದ ನೈಲಾನ್ ಹಗ್ಗ. ದಪ್ಪ ಹಗ್ಗ ಸುತ್ತಿಕೊಂಡರೆ ಎಂಜಿನ್ ನಿಲ್ಲುತ್ತದೆ, ಗೊತ್ತಾಗುತ್ತದೆ. ಸಣ್ಣ ತಂಗೂಸು ದಾರ ಗೊತ್ತೇ ಆಗದೆ ಹಬ್‌ನ (ರೆಕ್ಕೆಗಳು ಕೂತಿರುವ ನಡುಭಾಗ) ಹಿಂದೆ, ಪ್ರೊಪೆಲ್ಲರ್ ಒರಗುವ ಥ್ರಸ್ಟ್ ವಾಷರ್ ಬಳಿ ಸೇರಿ, ಬಿಸಿಯೇರಿ, ದಂಡದ ಆಯಿಲ್ ಸೀಲನ್ನು ಕತ್ತರಿಸುತ್ತದೆ. ಗೇರ್ ಆಯಿಲ್‌ಗೆ ಉಪ್ಪುನೀರು ಸೇರಿ ಹಾಲಿನ ಬಣ್ಣ ಬಂದಾಗಲೇ ವಿಷಯ ತಿಳಿಯುವುದು. ಆದ್ದರಿಂದ ಪ್ರತಿ ತಂಗುದಾಣದಲ್ಲಿ ಎಂಜಿನ್ ಎತ್ತಿ ಹಬ್ ಹಿಂದೆ ಬೆರಳಾಡಿಸಿ ನೋಡಿ. ದಾರ ಕಂಡರೆ ಪ್ರೊಪೆಲ್ಲರ್ ಕಳಚಿ ತೆಗೆಯಿರಿ, ಹೊರಗಿಂದ ಎಳೆದು ತುಂಡರಿಸಿ ಬಿಡಬೇಡಿ. ರಾತ್ರಿ ಓಡಿಸುವುದು ಬೇಡವೇ ಬೇಡ.

ಕಡಲಲ್ಲಿ ಬದಲಿಸಬೇಕಾಗಿ ಬಂದರೆ ಕೈ ನಡುಗದ ಹಾಗೆ ಮನೆಯಂಗಳದಲ್ಲೇ ಎರಡು ಮೂರು ಸಲ ಬಿಚ್ಚಿ ಜೋಡಿಸಿ ಅಭ್ಯಾಸ ಮಾಡಿ. ಎಂಜಿನ್ ನಿಲ್ಲಿಸಿ, ಕಿಲ್ ಸ್ವಿಚ್‌ನ ಹಗ್ಗವನ್ನು ಕಿತ್ತು ಜೇಬಿಗೆ ಹಾಕಿಕೊಳ್ಳಿ, ಕೀ ತೆಗೆಯಿರಿ. ಇದರಲ್ಲಿ ರಾಜಿ ಇಲ್ಲ. ರೆಕ್ಕೆ ತಿರುಗದಂತೆ ಮೇಲಿನ ತಟ್ಟೆಗೂ ರೆಕ್ಕೆಗೂ ನಡುವೆ ಮರದ ತುಂಡು ಇಡಿ. ಕಾಟರ್ ಪಿನ್ ನೇರ ಮಾಡಿ ಎಳೆಯಿರಿ, ನಟ್, ವಾಷರ್, ಸ್ಪೇಸರ್, ಪ್ರೊಪೆಲ್ಲರ್, ಕೊನೆಗೆ ಥ್ರಸ್ಟ್ ವಾಷರ್. ಈ ಕೊನೆಯದೇ ಗ್ರೀಸ್‌ಗೆ ಅಂಟಿಕೊಂಡು ಬಂದು ನೀರಿಗೆ ಬೀಳುವುದು, ಅದಿಲ್ಲದೆ ಹೊಸ ಪ್ರೊಪೆಲ್ಲರ್ ಕೂರುವುದಿಲ್ಲ. ಕೆಳಗೊಂದು ಬಟ್ಟೆ ಹಿಡಿಯಲು ಒಬ್ಬರನ್ನು ನಿಲ್ಲಿಸಿ. ಸ್ಪೇರ್ ಪ್ರೊಪೆಲ್ಲರ್ ಜೊತೆ ಇನ್ನೊಂದು ನಟ್, ಥ್ರಸ್ಟ್ ವಾಷರ್, ನಾಲ್ಕಾರು ಕಾಟರ್ ಪಿನ್, ಸರಿಯಾದ ಅಳತೆಯ ಸ್ಪ್ಯಾನರ್, ಮರೀನ್ ಗ್ರೀಸ್, ಹರಿತವಾದ ಚಾಕು ಒಂದೇ ಚೀಲದಲ್ಲಿರಲಿ. ಬಾಗಿದ ಅಲ್ಯೂಮಿನಿಯಂ ರೆಕ್ಕೆಯನ್ನು ಸುತ್ತಿಗೆಯಲ್ಲಿ ಬಡಿದು ನೇರ ಮಾಡುವುದು ಮನೆ ಸೇರುವಷ್ಟಕ್ಕೆ ಸರಿ. ಮೂರು ರೆಕ್ಕೆಗಳ ಪಿಚ್ ಬೇರೆ ಬೇರೆಯಾಗಿ, ಆ ಅದುರುವಿಕೆ ಬೇರಿಂಗನ್ನೂ ಸೀಲನ್ನೂ ತಿನ್ನುತ್ತದೆ.

ಹೊರಡುವ ಎರಡು ವಾರ ಮೊದಲು 12 ಪಿಚ್ ಹಾಕಿ, ಐದೂ ಜನ ಕೂತು, ಸಾಮಾನು ಅಥವಾ ಅಷ್ಟೇ ತೂಕದ ನೀರಿನ ಕ್ಯಾನ್ ಹೇರಿ ಪರೀಕ್ಷಿಸಿ. ಬೆಳಿಗ್ಗೆ ಹೋಗಿ, ಒಂದೇ ಗೆರೆಯಲ್ಲಿ ಹೋಗಿ ಬಂದು ಎರಡೂ ದಿಕ್ಕಿನ ವೇಗದ ಸರಾಸರಿ ತೆಗೆಯಿರಿ, ಇಲ್ಲದಿದ್ದರೆ ಸೆಳೆತ ನಿಮ್ಮ ಲೆಕ್ಕ ಕೆಡಿಸುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ 5300ರಿಂದ 5600 ಬಂದರೆ ಮುಗಿಯಿತು. 5100ಕ್ಕಿಂತ ಕೆಳಗಿದ್ದರೆ 11ಕ್ಕೆ ಇಳಿಯಿರಿ, ಆಗ ಖಾಲಿ ದೋಣಿಯಲ್ಲಿ ಥ್ರಾಟಲ್ ಪೂರ್ತಿ ಒತ್ತದಿದ್ದರಾಯಿತು. ಆಮೇಲೆ ಮುಖ್ಯವಾದ ಇನ್ನೊಂದು ಅಳತೆ: ಥ್ರಾಟಲ್ ನಿಧಾನಕ್ಕೆ ಇಳಿಸುತ್ತಾ ಬಂದು, ದೋಣಿ ಯಾವ ವೇಗದಲ್ಲಿ ಕುಸಿಯುತ್ತದೆ ಎಂದು ಬರೆದುಕೊಳ್ಳಿ. ಅದು 12 ನಾಟ್‌ನ ಒಳಗಿದ್ದರೆ ಮಧ್ಯಾಹ್ನದ ಗಾಳಿಗೂ ನೀವು ಸಿದ್ಧ. ಮೀರಿದ್ದರೆ ಮೊದಲು ಪೆಟ್ರೋಲ್ ಕ್ಯಾನ್‌ಗಳನ್ನು ಹಿಂಭಾಗದಿಂದ ನಡುವಿಗೆ ತಂದು ಮತ್ತೆ ನೋಡಿ. ಭಾರದ ಜಾಗ ಬದಲಿಸುವುದಕ್ಕೆ ಖರ್ಚಿಲ್ಲ.

ಪೆಟ್ರೋಲ್ ಲೆಕ್ಕವೂ ಇದೇ ಪರೀಕ್ಷೆಯಿಂದ ಬರಬೇಕು. ಫೋರ್‌ಸ್ಟ್ರೋಕ್ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಒಂದು ಎಚ್‌ಪಿಗೆ ಗಂಟೆಗೆ ಲೀಟರಿನ ಮೂರನೇ ಒಂದು ಭಾಗ, ಸ್ವಲ್ಪ ಮೇಲೆ ಕುಡಿಯುತ್ತದೆ. ನಿಮ್ಮದಕ್ಕೆ ಗಂಟೆಗೆ 20 ಲೀಟರ್ ದಾಟುತ್ತದೆ. 4300 ಆರ್‌ಪಿಎಂಗೆ ಇಳಿಸಿದರೆ ಸುಮಾರು 11. 12 ಪಿಚ್‌ನಲ್ಲಿ ಆ ಆರ್‌ಪಿಎಂಗೆ ಸಿದ್ಧಾಂತದ ವೇಗ 23 ನಾಟ್, ತುಂಬಿದ ದೋಣಿಯ ಸ್ಲಿಪ್ ಶೇ. 30 ಕಳೆದರೆ 16. ಲೀಟರಿಗೆ ಒಂದೂವರೆ ನಾಟಿಕಲ್ ಮೈಲಿಗೆ ಕೊಂಚ ಕಡಿಮೆ, ಕಾರವಾರಕ್ಕೆ 66 ಲೀಟರ್. ಶಾಂತ ಕಡಲಿನ ಲೆಕ್ಕ ಇದು. ಎದುರು ಗಾಳಿಯಲ್ಲಿ ಅರ್ಧ ಪಾಲು ಹೆಚ್ಚು ಬೇಕಾದೀತು, ಆದ್ದರಿಂದ ಒಂದು ದಿಕ್ಕಿಗೆ 100 ಲೀಟರ್ ಕೈಯಲ್ಲಿರಲಿ. ಮೀನುಗಾರಿಕೆ ಬಂದರುಗಳ ಬಂಕ್‌ನಲ್ಲಿ ಸಿಗುವುದು ಹೆಚ್ಚಾಗಿ ಡೀಸೆಲ್, ಪೆಟ್ರೋಲಿಗೆ ಪೇಟೆಗೆ ರಿಕ್ಷಾ ಹಿಡಿಯಬೇಕು. ಮುರ್ಡೇಶ್ವರದಿಂದ ನೇತ್ರಾಣಿ ನೋಡಿ ಬರುವ ಆಸೆ ಹುಟ್ಟಿದರೆ ಸುಮಾರು 20 ಮೈಲಿ ಹೆಚ್ಚುವರಿ ಎಂದು ಮೊದಲೇ ಸೇರಿಸಿಕೊಳ್ಳಿ. ಕಾರವಾರದಲ್ಲಿ ನೌಕಾನೆಲೆಯ ನೀರಿಗೂ ಅಂಜದೀವ್‌ಗೂ ಹತ್ತಿರ ಹೋಗುವ ಹಾಗಿಲ್ಲ. ಹೊರಡುವ ಮುನ್ನ ಕರಾವಳಿ ಕಾವಲು ಪೊಲೀಸರಿಗೆ ದಾರಿ, ದಿನ, ಜನರ ವಿವರ ಕೊಟ್ಟು ಕೇಳಿಕೊಳ್ಳಿ. ಕೋಸ್ಟ್ ಗಾರ್ಡ್‌ನ ತುರ್ತು ಸಂಖ್ಯೆ 1554 ಎಲ್ಲರ ಫೋನಿನಲ್ಲೂ ಇರಲಿ.

ಭಾವನವರ ಪ್ರೊಪೆಲ್ಲರ್ ಆಗುವುದಿಲ್ಲ. 75 ಎಚ್‌ಪಿ ಎಂಜಿನ್ನಿನ ಕೆಳಮನೆ, ಅಂದರೆ ಗೇರ್ ಇರುವ ಕೆಳಭಾಗ, ಸಾಮಾನ್ಯವಾಗಿ ಒಂದು ವರ್ಗ ದೊಡ್ಡದು, ಅದರ ಪ್ರೊಪೆಲ್ಲರ್ ವ್ಯಾಸ 13 ಇಂಚಿನ ಆಸುಪಾಸು. ನಿಮ್ಮ ತಟ್ಟೆಯ ಕೆಳಗೆ ಅಷ್ಟು ಜಾಗವಿಲ್ಲ, ಒಳಗಿನ ಹಲ್ಲುಗಳೂ ಹೊಂದುವುದಿಲ್ಲ. ಹೊಸದನ್ನು ತರಲು ಹೋಗುವಾಗ ಈಗಿನ ಪ್ರೊಪೆಲ್ಲರನ್ನೇ ಕಳಚಿ ಜೊತೆಗೊಯ್ಯಿರಿ, ಹಬ್ ಮೇಲೆ ಅಚ್ಚೊತ್ತಿರುವ ಅಳತೆ, ಅದರ ಪಕ್ಕದ ಅಕ್ಷರ, ಒಳಗಿನ ಹಲ್ಲಿನ ಸಂಖ್ಯೆ ಮೂರನ್ನೂ ಅಂಗಡಿಯಲ್ಲೇ ಹೋಲಿಸಿ ನೋಡಿ. ಎಂಜಿನ್ನಿನ ಮಾದರಿ ಸಂಖ್ಯೆಯ ಫೋಟೋ ಕೂಡ ಫೋನಿನಲ್ಲಿ ಇಟ್ಟುಕೊಳ್ಳಿ. ಒಂದೇ ಕಂಪನಿಯ 60 ಎಚ್‌ಪಿಯಲ್ಲೂ ಹೆಚ್ಚು ಎಳೆಯುವ, 2.33 ಗೇರಿನ ಬೇರೆ ಮಾದರಿ ಇರುವುದುಂಟು, ನೀವು ಬರೀ "60ರದ್ದು ಕೊಡಿ" ಎಂದರೆ ಅಂಗಡಿಯವರು ಅದರದ್ದನ್ನೂ ಕೊಟ್ಟುಬಿಡಬಹುದು.